ಓದದೆ ಬಿಟ್ಟ ಸಾಲು

ಆ ಕೈ ಎಲ್ಲಿಂದ ಬಂತೋ ಗಾದಿಲಿಂಗಮ್ಮನಿಗೆ ತಿಳಿಯಲಿಲ್ಲ. ಸುರಿಯಲೆಂದು ಎತ್ತಿದ ನೀರಿನ ಕೊಡ ಎತ್ತಿದಲ್ಲೇ ನಿಂತಿತು. ಯಾರೋ ಗಂಡಸು ಆಕೆಯ ಮುಂಗೈಯನ್ನು ಬಿಗಿಯಾಗಿ ಹಿಡಿದಿದ್ದ.

“ಸುರುವಬ್ಯಾಡ್ರಿ.”

ಎದುರಿಗೆ ಹತ್ತಿಯ ರಾಶಿಯ ಅಂಚು ಉರಿಯುತ್ತಿತ್ತು. ಯಂತ್ರದ ಬಾಯಿಗೆ ಕಲ್ಲು ಸಿಕ್ಕಿ ಕಿಡಿ ಹಾರಿತ್ತು. ಬೆಂಕಿ ಕಣ್ಣಮುಂದಿರುವಾಗ ನೀರು ಬೇಡ ಅನ್ನುವ ಈ ಹುಚ್ಚ ಯಾರು?

ಅವನು ಕೈ ಬಿಟ್ಟ. ಒಂದು ಗೋಣಿಚೀಲವನ್ನು ಅದೇ ಕೊಡದ ನೀರಿನಿಂದ ನೆನೆಸಿ ಉರಿಯ ಮೇಲೆ ಮೆಲ್ಲಗೆ ಹಾಸಿದ. ಎರಡೂ ಅಂಗೈಯಿಂದ ಒತ್ತಿದ, ಕೂಸನ್ನು ತಟ್ಟಿ ಮಲಗಿಸುವವನ ಹಾಗೆ. ಆಮೇಲೆ ರಾಶಿಯನ್ನು ಬಿಡಿಸಿ, ಸುಟ್ಟದ್ದನ್ನೆಲ್ಲ ಅಂಗಳಕ್ಕೆ ಎಳೆಸಿದ. ಒಂದು ಮಾತಿಲ್ಲ, ಕತೆಯಿಲ್ಲ!

ನಲವತ್ತು ಹೆಂಗಸರು ನೋಡುತ್ತಿದ್ದರು. ಗಾದಿಲಿಂಗಮ್ಮನ ಮುಖ ಬೆಂಕಿಗಿಂತ ಕೆಂಪಾಗಿತ್ತು.

ಅದು ಸಾವಿರದೊಂಬೈನೂರ ಐವತ್ತೆಂಟರ ಹತ್ತಿ ಸುಗ್ಗಿ. ಆದವಾನಿಯ ಆ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಶೆಡ್ಡಿನ ಕೆಲಸವೆಲ್ಲ ಹೆಂಗಸರದು. ಗಾದಿಲಿಂಗಮ್ಮನಿಗೆ ಇಪ್ಪತ್ತು ವರ್ಷ. ಅಪ್ಪ ಇಲ್ಲ. ಅವ್ವ ಮೂಕಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಮನೆ ನಡೆಯುತ್ತಿದ್ದದ್ದು ಮಗಳ ವಾರದ ಕೂಲಿಯಿಂದ.

ಕೈ ಹಿಡಿದವನ ಹೆಸರು ಏಕಾಂತಪ್ಪ. ಹೊಳಗುಂದದವನು. ನಾಗಪುರದ ಫೈರ್ ಕಾಲೇಜಿನಲ್ಲಿ ಬೆಂಕಿ ಆರಿಸುವ ವಿದ್ಯೆ ಕಲಿತು ಬಂದಿದ್ದ. ಹಿಂದಿನ ವರ್ಷ ಒಂದು ಗೋದಾಮು ಸುಟ್ಟಿದ್ದರಿಂದ ಫ್ಯಾಕ್ಟರಿಯ ಸಾವ್ಕಾರ್ರು ಅವನನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಅದು ಅವನ ಮೊದಲನೇ ದಿನ.

“ಬೆಂಕಿ ಆರಿಸಾಕ ಬಂದಾನೋ, ಹಚ್ಚಾಕ ಬಂದಾನೋ ನೋಡಬೇಕಲೇ,” ಎಂದು ಲಿಂಗಕ್ಕ ಪಕ್ಕದ ಯಂತ್ರದಿಂದಲೇ ಚುಚ್ಚಿದಳು. ಶೆಡ್ಡೆಲ್ಲ ನಕ್ಕಿತು.

ಮರುದಿನ ಗಾದಿಲಿಂಗಮ್ಮ ನೆಟ್ಟಗೆ ಅವನ ಮುಂದೆ ಹೋಗಿ ನಿಂತಳು. ನೀರು ಯಾಕೆ ಬೇಡ, ಹೇಳಿ ಅಂದಳು. ಅವನು ತಲೆ ತಗ್ಗಿಸಿ, ಮೊದಲು ಕೈ ಹಿಡಿದದ್ದಕ್ಕೆ ತಪ್ಪಾಯಿತೆಂದ. ಆಮೇಲೆ ಒಂದು ತಟ್ಟೆಯಲ್ಲಿ ಹಿಡಿ ಹತ್ತಿಗೆ ಬೆಂಕಿ ಹಚ್ಚಿ, ಮೇಲಿನಿಂದ ಚೊಂಬು ನೀರು ಸುರಿದು ತೋರಿಸಿದ. ಉರಿಯುವ ಎಳೆಗಳು ಸಿಡಿದು ನಾಲ್ಕು ಕಡೆ ಬಿದ್ದವು. ಹತ್ತಿ ಮೇಲೆ ಆರಿದಂತೆ ಕಂಡರೂ ಒಳಗೆ ಕಾವು ಎರಡು ದಿನ ಅಡಗಿರುತ್ತದೆ, ಅದಕ್ಕೇ ಬಿಡಿಸಿ ನೋಡಬೇಕು ಅಂದ.

“ಇದನ್ನ ಗಂಡಸರಿಗಷ್ಟಾ ಕಲಿಸ್ತೀರೇನು?” ಎಂದು ಕೇಳಿದಳು.

“ಹೆಂಗಸರು ಬರಂಗಿಲ್ಲ ಅಂತ ಮೇಸ್ತ್ರಿ ಹೇಳಿದ್ರು.”

“ಮೇಸ್ತ್ರಿ ಹೇಳ್ಯಾರ. ನಾವು ಹೇಳಿಲ್ಲಲ್ಲ.”

ಅಂದಿನಿಂದ ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು. ನಗುವವರನ್ನು ಗದರಿಸಿ, ನಾಚುವವರ ಸೆರಗು ಹಿಡಿದೆಳೆದು, ಎಲ್ಲರನ್ನೂ ಕರೆತಂದವಳು ಗಾದಿಲಿಂಗಮ್ಮ. ಮರಳಿನ ಬಕೀಟು ಎಲ್ಲಿಡಬೇಕು, ಹೊಗೆಯಲ್ಲಿ ಹೇಗೆ ನೆಲಕ್ಕೆ ಬಗ್ಗಿ ಸಾಗಬೇಕು, ಹೊರಗೆ ಬಂದಮೇಲೆ ತಲೆ ಎಣಿಸುವವರು ಯಾರು, ಎಲ್ಲ ಕಲಿತರು. ಕಾಲೇಜಿನಲ್ಲಿ ತಮ್ಮನ್ನು ಹೊಗೆ ತುಂಬಿದ ಕೋಣೆಗೆ ಬಿಟ್ಟು, ಗೋಡೆ ತಡವುತ್ತ ಬಾಗಿಲು ಹುಡುಕಿಸುತ್ತಿದ್ದರೆಂದು ಅವನು ಹೇಳಿದ. ಒಂದು ದಿನ ಬೇಕೆಂದೇ ಆ ಬಾಗಿಲಿಗೆ ಅಗಳಿ ಹಾಕಿದ್ದರಂತೆ. ಅದನ್ನು ಹೇಳುವಾಗ ಅವನ ದನಿ ಕುಗ್ಗಿತು.

ಇವನಿಗೂ ಅಂಜಿಕೆ ಐತಿ... ಅದನ್ನ ನಮ್ಮ ಮುಂದ ಮುಚ್ಚಿಡಲಿಲ್ಲ. ಗಾದಿಲಿಂಗಮ್ಮನಿಗೆ ಆ ಸಂಜೆಯೆಲ್ಲ ಅದೇ ನೆನಪು.

ಹತ್ತನೇ ದಿನ, ಕೆಲಸ ನಡೆದಿರುವಾಗಲೇ ಅವನು ಅಂಗಳದಲ್ಲಿ ನಿಂತು ಹೇಳದೆ ಕೇಳದೆ ಗಂಟೆ ಬಾರಿಸಿದ. ಹೆಂಗಸರು ಕಲಿತ ಹಾಗೆ ಸಾಲುಗಟ್ಟಿ ಬಾಗಿಲಿಗೆ ಬಂದರು. ಬಾಗಿಲು ತೆರೆಯಲಿಲ್ಲ.

ಹೊರಗಿನಿಂದ ಬೀಗ ಬಿದ್ದಿತ್ತು.

ಅದು ಮೇಸ್ತ್ರಿ ಉಚ್ಚೀರಪ್ಪನ ಹಳೇ ಪದ್ಧತಿ. ಉಡಿಯಲ್ಲಿ ಹತ್ತಿ ಕಟ್ಟಿಕೊಂಡು ಹೋಗುತ್ತಾರೆಂದು ದಿನಾ ಹಾಕುತ್ತಿದ್ದ ಬೀಗ. ಹೆಂಗಸರಿಗೂ ರೂಢಿಯಾಗಿ ಹೋಗಿತ್ತು. ಬೆಂಕಿ ಬಿದ್ದ ದಿನ ಹತ್ತಿ ಇಳಿಸಲೆಂದು ಬಾಗಿಲು ತೆರೆದಿತ್ತು, ಪಾಠವಾಗುತ್ತಿದ್ದದ್ದೂ ಬಾಗಿಲು ತೆರೆದಿರುವ ಬಿಡುವಿನಲ್ಲಿ, ಹೀಗಾಗಿ ಯಾರೂ ಆ ಮಾತೇ ಎತ್ತಿರಲಿಲ್ಲ. ಕೀಲಿ ತಂದು ತೆಗೆಯುವಷ್ಟರಲ್ಲಿ ಏಕಾಂತಪ್ಪನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಅವನು ನೆಟ್ಟಗೆ ಆಫೀಸಿಗೆ ನಡೆದ.

ಮೂರನೇ ದಿನ ಶೆಡ್ಡು ಮುಚ್ಚಿತು.

“ಫೈರ್ ಸಾಹೇಬ ಶೆಡ್ಡು ಮುಚ್ಚಂತ ಬರದಾನವ್ವ. ನಿಮ್ಮ ಗುರುಗಳು,” ಎಂದ ಉಚ್ಚೀರಪ್ಪ, ಗಾದಿಲಿಂಗಮ್ಮನನ್ನೇ ನೋಡುತ್ತ.

ನಲವತ್ತು ಮನೆಯ ಒಲೆ! ಹೆಂಗಸರು ಅವಳತ್ತ ತಿರುಗಿದರು. ಆತನ ಪಾಠಕ್ಕೆ ನಮ್ಮನ್ನು ಎಳೆದವಳು ನೀನೇ ಅಲ್ಲವೇ ಎಂದು ಲಿಂಗಕ್ಕನೇ ಅಂದಳು. ಈ ಸಲ ಅದರಲ್ಲಿ ನಗೆಯಿರಲಿಲ್ಲ.

ಗಾದಿಲಿಂಗಮ್ಮ ಅವನನ್ನು ಗೇಟಿನಲ್ಲೇ ತಡೆದಳು.

“ಮುಚ್ಚಂತ ಬರದೀರೇನು?”

“ಬರದೀನಿ,” ಅಂದ. ಇನ್ನೇನೋ ಹೇಳಲು ತುಟಿ ಬಿಚ್ಚಿದ. ಅವಳು ಕೇಳಲು ನಿಲ್ಲಲಿಲ್ಲ.

ಕೈ ಹಿಡಿದದ್ದು ಮರೀತಿದ್ದೆ. ಅನ್ನಕ್ಕ ಕೈ ಹಾಕಿದ್ದು ಹೆಂಗ ಮರೀಲಿ... ದಾರಿಯುದ್ದಕ್ಕೂ ಕಣ್ಣೊರೆಸಿಕೊಂಡಳು.

ಎರಡು ದಿನ ಕಳೆದು ಮೇಸ್ತ್ರಿ ಎಲ್ಲರನ್ನೂ ಕರೆಸಿದ. ಬೀಗ ಹಾಕಲು ನಮ್ಮ ತಕರಾರಿಲ್ಲ ಎಂದು ಹೆಬ್ಬೆಟ್ಟು ಒತ್ತಿದರೆ ನಾಳೆಯೇ ಕೆಲಸ. ಏಕಾಂತಪ್ಪನನ್ನು ಮನೆಗೆ ಕಳಿಸುತ್ತಾರೆ. ಮೊದಲ ಹೆಬ್ಬೆಟ್ಟು ಗಾದಿಲಿಂಗಮ್ಮನದಾಗಬೇಕು.

ಆಕೆಗೆ ಓದು ಬರುತ್ತಿರಲಿಲ್ಲ. ಏಕಾಂತಪ್ಪ ಬರೆದದ್ದನ್ನು ಮೊದಲು ಓದಿ ಹೇಳಿ ಅಂದಳು. ಅವನು ತೆಲುಗಿನಲ್ಲಿ ಬರೆದಿದ್ದ. ಅಲ್ಲಿದ್ದವರಿಗೆಲ್ಲ ಕೇಳಿದರೆ ತಿಳಿಯುವ ಭಾಷೆ. ಉಚ್ಚೀರಪ್ಪ ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಿಟ್ಟು, ಶೆಡ್ಡು ಮುಚ್ಚಬೇಕು ಎಂದು ಗಟ್ಟಿಯಾಗಿ ಓದಿದ.

ಗಾದಿಲಿಂಗಮ್ಮ ಆ ಬೆರಳನ್ನೇ ನೋಡುತ್ತ ಕೇಳುತ್ತಿದ್ದಳು. ಸಣ್ಣಾಕಿದ್ದಾಗಿನಿಂದ ಶ್ರಾವಣ ಪೂರ್ತಿ ಗುಡಿಯ ಕಟ್ಟೆಯಲ್ಲಿ ಪುರಾಣ ಕೇಳಿ ಬೆಳೆದವಳು ಅವಳು. ನಿದ್ದೆ ಬಂದ ಅಯ್ಯನವರು ಪದ್ಯ ಹಾರಿಸಿದರೆ, “ನಡುವ ಒಂದು ಬಿಟ್ರಿ” ಅನ್ನುತ್ತಿದ್ದದ್ದು ಆಕೆಯ ಅಪ್ಪ. ಆ ಕಿವಿ ಮಗಳಿಗೂ ಬಂದಿತ್ತು.

“ನಿಲ್ಲಸ್ರಿ ಮೇಸ್ತ್ರಿ. ಬೆರಳು ಮೂರು ಸಾಲು ಇಳೀತು. ಬಾಯಿ ಒಂದಾ ಸಾಲು ಓದಿತು.”

“ಓದು ಬರಂಗಿಲ್ಲ, ನನಗ ಹೇಳ್ತಿಯೇನು?”

“ಓದು ಬರಂಗಿಲ್ಲ. ಕೇಳಾಕ ಬರ್ತೈತಿ. ಬಿಟ್ಟದ್ದು ಓದ್ರಿ.”

ಅವನು ಓದಲಿಲ್ಲ. ಆಫೀಸಿನಿಂದ ಆ ಕಾಗದ ತಂದುಕೊಟ್ಟು ಬಾಗಿಲ ಹತ್ತಿರ ನಿಂತಿದ್ದ ಗುಮಾಸ್ತ ಮಾರೆಣ್ಣ, ಬರೆದದ್ದನ್ನು ಬರೆದ ಹಾಗೆ ಓದಬೇಕಲ್ಲ ಎಂದು ಗೊಣಗುತ್ತ, ಹಾಳೆ ಈಸಿಕೊಂಡು ತಾನೇ ಓದಿದ: ಹೆಂಗಸರು ಒಳಗಿರುವಾಗ ಬಾಗಿಲಿಗೆ ಬೀಗ ಹಾಕಬಾರದು. ಬೀಗ ತೆಗೆದರೆ ಶೆಡ್ಡು ಇವತ್ತೇ ನಡೆಯಲಿ, ಒಬ್ಬರ ಒಂದು ದಿನದ ಕೂಲಿಯೂ ತಪ್ಪಬಾರದು. ಬೀಗ ತೆಗೆಯಲು ಒಪ್ಪದಿದ್ದರೆ ಮಾತ್ರ, ಒಪ್ಪುವವರೆಗೆ ಮುಚ್ಚಬೇಕು.



ಗಾದಿಲಿಂಗಮ್ಮ ಮಸಿಯ ಡಬ್ಬಿಯನ್ನು ಮೇಸ್ತ್ರಿಯ ಕಡೆಗೇ ತಳ್ಳಿದಳು. “ಹೆಬ್ಬೆಟ್ಟು ಒತ್ತಂಗಿಲ್ಲ. ಬೀಗ ತಗೀರಿ, ಕೆಲಸಕ್ಕ ಬರ್ತೀವಿ.”

ಹೇಳಿ ಹೊರಗೆ ಹೋಗಿ ಶೆಡ್ಡಿನ ಮುಂದೆ ಕುಳಿತಳು. ಸ್ವಲ್ಪ ಹೊತ್ತಿಗೆ ಲಿಂಗಕ್ಕ ಬಂದು ಪಕ್ಕದಲ್ಲಿ ಕುಳಿತಳು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ರೊಟ್ಟಿ ಹಂಚಿಕೊಂಡು ಉಂಡರು, ಬಿಸಿಲಿಗೆ ಸೆರಗು ಹೊದ್ದರು, ಯಾರೂ ಮೇಲೇಳಲಿಲ್ಲ. ಹತ್ತಿ ಬಂಡಿಗಳು ಗೇಟಿನಿಂದ ರಸ್ತೆಯವರೆಗೆ ನಿಂತವು. ನಾಲ್ಕನೇ ದಿನ ಸಾವ್ಕಾರ್ರೇ ಬಂದು ಚಿಲಕವನ್ನು ಬಾಗಿಲಿನಿಂದ ಕೀಳಿಸಿದರು. ತಪಾಸಣೆ ಬೇಕಾದರೆ ಗೇಟಿನಲ್ಲಿ ಹೆಂಗಸೊಬ್ಬಳೇ ಮಾಡಲಿ ಎಂದೂ ಒಪ್ಪಿದರು.

ಏಕಾಂತಪ್ಪನ ಕೆಲಸವೂ ಉಳಿಯಿತು. ಅಂದು ಸಂಜೆ ಅವನು ಮರಳಿನ ಬಕೀಟು ತುಂಬಿಸುತ್ತಿದ್ದ. ಗಾದಿಲಿಂಗಮ್ಮ ಹತ್ತಿರ ಹೋದಳು.

“ಅವತ್ತು ಗೇಟಿನ್ಯಾಗ ನಾ ನಿಂತು ಕೇಳಬೇಕಿತ್ತು. ಕೇಳಲಿಲ್ಲ. ಆಮ್ಯಾಲರ ಬಂದು ಪೂರ್ತಿ ಹೇಳಬಾರದಿತ್ತೇನ್ರಿ?”

“ನಲವತ್ತು ಮಂದಿ ಕೂಲಿ ಇಲ್ಲದ ಕುಂತಾಗ ನನ್ನದೇನು ತಪ್ಪಿಲ್ಲ ಅಂತ ಹೆಂಗ ಹೇಳ್ಲಿ? ಬರದದ್ದು ನಾನಾ.” ಅವನು ಕೈಯ ಮರಳು ಒರೆಸಿಕೊಂಡ. “ಬೀಗ ಮುಟ್ಟಿದಾಗ... ನಲವತ್ತೂ ಮಂದಿ ಒಳಗದಾರ ಅಂತ ಗೊತ್ತಿತ್ತು. ಖರೇ ಹೇಳ್ತೀನಿ, ನನಗ ಮೊದಲು ನೆನಪಾದದ್ದು ನಿಮ್ಮ ಮುಖ.”

ಅವಳು ಒಂದು ಖಾಲಿ ಬಕೀಟನ್ನು ಅವನತ್ತ ಸರಿಸಿದಳು. ಎದೆಯೊಳಗೆ ಏನೋ ಮೆತ್ತಗಾಯಿತು.

“ನಿಮ್ಮ ಅವ್ವನ್ನ ಕೇಳಾಕ ಬರಬೇಕಂತೀನಿ,” ಅಂದ.

“ಅವ್ವನಕಿಂತ ಮುಂಚೆ ನನ್ನ ಕೇಳ್ರಿ.”

“ಕೇಳಿದೆ.”

“ಲಗ್ನಾದ ಮ್ಯಾಲೂ ನಾ ಕೆಲಸ ಬಿಡಂಗಿಲ್ಲ. ಅವ್ವ ನನ್ನ ಕೂಡನಾ ಇರ್ತಾಳ.”

“ಇರ್ಲಿ. ನನಗ ಅವ್ವ ಇಲ್ಲ.”

ಗಾದಿಲಿಂಗಮ್ಮ ಒಂದು ಗಳಿಗೆ ಅವನನ್ನು ನೋಡಿದಳು.

“ಆಕಿಗೆ ಕಣ್ಣು ಕಾಣಂಗಿಲ್ಲ. ಬಂದಾಗ ಸುಮ್ಮನ ನಿಂದರಬ್ಯಾಡ್ರಿ... ಹತ್ರ ಕುಂತು, ಜ್ವಾಕಿಲೆ ಮಾತಾಡ್ರಿ.”

“ಏನು ಮಾತಾಡ್ಲಿ?”

“ಈಗ ನನಗ ಹೇಳಿದ್ದನ್ನ,” ಎಂದಳು ಅವಳು, “ಒಂದೂ ಬಿಡದಂಗ.”