ಏಳನೇ ಪೆಟ್ಟಿಗೆಯ ಗಂಟು

ಸೋಮವಾರ ಬೆಳಿಗ್ಗೆ ಡಬ್ಲಿನ್ ಅಂಚಿನ ಲೂಕನ್ ಪೊಲೀಸ್ ಠಾಣೆಗೆ ದೂರು ಬಂತು. ಐರ್ಲೆಂಡಿನಲ್ಲಿ ಎಫ್‌ಐಆರ್, ಪಂಚನಾಮೆ ಎಂಬ ಹೆಸರುಗಳಿಲ್ಲ. ಆದರೆ ಪತ್ತೇದಾರ ಜಿಬ್ರಾನ್ ಬರೆದುಕೊಂಡ ಒಂದು ಹೇಳಿಕೆಯ ಮುಂದೆ ನೂರು ಪಂಚನಾಮೆಗಳು ತಲೆ ತಗ್ಗಿಸಬೇಕು. ಬೆಂಗಳೂರಲ್ಲಿ ಹುಟ್ಟಿದ ಈ ಆಸಾಮಿ ಕುರ್ಚಿಗೆ ಬೆನ್ನು ಕೊಟ್ಟದ್ದನ್ನು ಇಡೀ ಡಬ್ಲಿನ್ ಕಂಡಿಲ್ಲ. ಅವನು ಶತಪಥ ಹಾಕಿ ಹಾಕಿ ಠಾಣೆಯ ನೆಲ ಅರ್ಧ ಅಡಿ ಸವೆದಿತ್ತು.

ದೂರು ತಂದವಳು ಆಸ್ಪತ್ರೆಯ ಅನನ್ಯಾ. ಮಿದುಳಿನ ಕ್ಯಾನ್ಸರ್‌ಗೆ ಹೊಸ ಔಷಧದ ಪ್ರಯೋಗ ನೋಡಿಕೊಳ್ಳುವವಳು. ಅರ್ಧ ರೋಗಿಗಳಿಗೆ ಔಷಧ, ಉಳಿದವರಿಗೆ ಉಪ್ಪುನೀರು. ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯಕೂಡದು.

"ಔಷಧ ಮಾಡೋ ಕಂಪನಿಯವ್ರು ಸೀಸೆಗಳ ನಂಬರ್ ಚೆಕ್ ಮಾಡಿದ್ರು ಸರ್. ಹನ್ನೆರಡನೇ ರೋಗಿ ಸಂಪತ್ ಅವರ ಔಷಧ ಏಳನೇ ರೋಗಿ ಸಾದಿಯಾ ಅವರ ಪೆಟ್ಟಿಗೇಲಿದೆ. ಸಂಪತ್‌ಗೆ ಒಂದು ಡೋಸ್ ನೀರು ಆಗ್ಲೇ ಹೋಗಿದೆ. ಗುರುವಾರ ಇನ್ನೊಂದು."

"ಫ್ರಿಜ್ ಕೀ ಯಾರ ಹತ್ರ?"

"ನಾನು, ನರ್ಸ್ ಲಕ್ಷ್ಮಿ, ಡಾಕ್ಟರ್ ಹೇಮಚಂದ್ರ."

"ಡಾಕ್ಟ್ರೇ ಮಾಡಿರಬಹುದಲ್ಲ?"

"ಅಯ್ಯೋ, ದೇವ್ರಂಥೋರು!"

ಹೇಮಚಂದ್ರ ತಲೆಬುರುಡೆ ತೆರೆದರೆ ಗೆಡ್ಡೆ ತಾನಾಗಿಯೇ ನಮಸ್ಕಾರ ಹೇಳಿ ಹೊರನಡೆಯುತ್ತದೆಂದು ಅವರಿದ್ದ ಕ್ಯಾಸಲ್‌ನಾಕ್ ಬಡಾವಣೆ ಪೂರ್ತಿ ಆಣೆ ಇಡುತ್ತಿತ್ತು. ಈ ಪ್ರಯೋಗವೇ ಅವರ ಇಪ್ಪತ್ತು ವರ್ಷದ ದುಡಿಮೆ. ಸ್ವಂತ ಮನೆಗೆ ಯಾರು ಬೆಂಕಿ ಇಡುತ್ತಾರೆ?

ಜಿಬ್ರಾನ್ ಆಸ್ಪತ್ರೆಗೆ ಹೋಗಿ ಫ್ರಿಜ್‌ನಲ್ಲಿದ್ದ ಪೆಟ್ಟಿಗೆಗಳ ದಾರ ನೋಡಿದ. ಬೇರೆಲ್ಲವಕ್ಕೂ ಷೂ ಲೇಸಿನ ಗಂಟು. ಏಳಕ್ಕೂ ಹನ್ನೆರಡಕ್ಕೂ ಮೊದಲ ಸುತ್ತೇ ಎರಡು ಬಾರಿ ಹೊಸೆದು ಬಿಗಿದ ಗಂಟು. ಮೂವರನ್ನೂ ಒಬ್ಬೊಬ್ಬರಾಗಿ ಕರೆಸಿ, ಖಾಲಿ ಪೆಟ್ಟಿಗೆಯೊಂದನ್ನು ಮುಂದಿಟ್ಟ.

"ಇದನ್ನೊಂಚೂರು ಕಟ್ಟಿಕೊಡಿ."

ಹೆಂಗಸರಿಬ್ಬರೂ ಲೇಸಿನ ಗಂಟು ಹಾಕಿದರು. ಹೇಮಚಂದ್ರ ಹವೆಯ ಮಾತಾಡುತ್ತಲೇ, ಕೆಳಗೆ ನೋಡದೆ, ಒಂದೇ ಕೈಯಲ್ಲಿ ಎರಡು ಸುತ್ತು ಹೊಸೆದರು. ಆಪರೇಷನ್‌ನಲ್ಲಿ ರಕ್ತನಾಳ ಕಟ್ಟುವ ಗಂಟು. ಆಮೇಲೆ ಅದನ್ನು ತಾವೇ ನೋಡಿದರು.

"ಸಿಕ್ಕಿಬಿದ್ದೆ ಅಲ್ವೇನಪ್ಪಾ?"

"ಔಷಧ ಯಾವುದಂತ ಹೆಂಗೆ ಗೊತ್ತಾಯ್ತು ಸರ್?"

"ಅಲ್ಲಾಡಿಸಿದ್ರೆ ನೊರೆ ಬರುತ್ತೆ. ನೀರು ಸುಮ್ನಿರುತ್ತೆ."

ಮಧ್ಯಾಹ್ನ ಬಂಧನ ದಾಖಲಾಯಿತು. ಸಂಪತ್‌ನ ಪೆಟ್ಟಿಗೆಗೆ ಹೊಸ ಔಷಧ ತರಿಸುವ ಏರ್ಪಾಡೂ ಆಯಿತು. ಪ್ರಯೋಗ ಮಾತ್ರ ನಿಂತುಹೋಯಿತು. ಡಾಕ್ಟರನ್ನು ಕರೆದೊಯ್ಯುವ ಕಾರಿನಲ್ಲಿ ಜಿಬ್ರಾನ್‌ಗೆ ಸುಮ್ಮನೆ ಕೂರಲಾಗಲಿಲ್ಲ.

"ಸಾದಿಯಾಗೇ ಯಾಕೆ ಸರ್?"

"ಎರಡು ಸಲ ನನ್ನ ಟೇಬಲ್ ಮೇಲೆ ಮಲಗಿದ್ಲು. ಮೂರನೇ ಸಲ ತೆರೆಯೋಕೆ ಜಾಗ ಉಳಿದಿಲ್ಲ. ಅವಳಿಗೆ ನೀರು ಚುಚ್ಚಿ, ಹೇಗಿದ್ದೀಯಮ್ಮಾ ಅಂತ ಕೇಳೋಕೆ ಆಗ್ಲಿಲ್ಲ."

"ಸಂಪತ್ ಆಡಮ್ಸ್‌ಟೌನ್‌ನೋರು. ಮಗಳಿಗೆ ಮೂರು ವರ್ಷ. ಗೊತ್ತಿತ್ತಾ?"



"ಹನ್ನೆರಡು ಅನ್ನೋ ನಂಬರ್ ಅಷ್ಟೇ ನೋಡಿದೆ. ಹೆಸರು ಓದಿದ್ರೆ ಕೈ ನಡುಗ್ತಿತ್ತು."