ಅಪ್ಪನ ದನಿಯಲ್ಲಿ ಆಡಿದ ಸುಳ್ಳು

ಇದು ನಿಜವಾಗಿ ನಡೆದ ಕಥೆ. ಇದರಲ್ಲಿರುವುದು ಒಂದೇ ಒಂದು ಸುಳ್ಳು. ಅದನ್ನು ಹೇಳಿದ್ದೂ ನಾನಲ್ಲ, ಕಥಾನಾಯಕಿ.

ಬಾಗಿಲು ತೆರೆದವಳ ಕೈಯಲ್ಲಿದ್ದ, ಅಕ್ಕನ ಮಗುವಿನ ನಾಮಕರಣಕ್ಕೆಂದು ಕಟ್ಟುತ್ತಿದ್ದ ಬಣ್ಣದ ಕಾಗದದ ಸರ ನೆಲಕ್ಕೆ ಜಾರಿತು. ಹೊಸ್ತಿಲಾಚೆ ತೊಟ್ಟಿಲು ಹೊತ್ತು ನಿಂತಿದ್ದವನು... ಅವನೇ. ಬಡಗಿ.

ಒಂದು ವರ್ಷದ ಮೇಲೆ ಅವನಾಡಿದ ಮೊದಲ ಮಾತು: "ನಿಮ್ಮಪ್ಪ ಮನೇಲಿದಾರಾ?"

"ಹೂಂ... ಇದಾರೆ."

"ಹಾಗಿದ್ರೆ ಇಲ್ಲೇ ಇಟ್ಟು ಹೋಗ್ತೀನಿ. ನಾನೀಗ ಕೆಲಸ ಮಾಡೋ ಅಂಗಡೀಲಿ ನಿಮ್ಮಕ್ಕ ಮಾಡಿಸಿದ್ದು, ಅವರಿಗೆ ಹೇಳಿಬಿಡಿ."

ಹೇಳಿಬಿಡಿಯಂತೆ. 'ಏ ಗಿಳಿ' ಎನ್ನುತ್ತಿದ್ದ ಬಾಯಲ್ಲಿ ಬಹುವಚನ.

ಯಾರ ದನಿಯನ್ನಾದರೂ ಥೇಟ್ ಅನುಕರಿಸುತ್ತಾಳೆಂದೇ ಅವಳಿಗೆ ಆ ಹೆಸರು. ಹೋದ ವರ್ಷ ಇವರ ಮನೆಯ ಕಪಾಟು ಮಾಡಲು ಬಂದವನು ಕಪಾಟಿಗಿಂತ ಮೊದಲು ಅವಳ ಮನಸ್ಸಿನಲ್ಲಿ ಜಾಗ ಮಾಡಿಕೊಂಡಿದ್ದ. ಒಂದು ಮಧ್ಯಾಹ್ನ, ಬರೀ ತಮಾಷೆಗೆ, ಅಪ್ಪನ ಫೋನಿನಿಂದ, ಅಪ್ಪನ ಕೆಮ್ಮಿನ ಸಮೇತ ಅವನಿಗೆ ಹೇಳಿದ್ದಳು: "ನನ್ನ ಮಗಳ ತಂಟೆಗೆ ಬರಬೇಡ."

'ನಾನೇ ಕಣೋ' ಎಂದು ನಗುವಷ್ಟರಲ್ಲಿ, "ಆಯ್ತು ಸಾರ್" ಎಂದು ಅವನು ಫೋನಿಟ್ಟಿದ್ದ.

ಇಷ್ಟು ಸಲೀಸಾಗಿ ಬಿಟ್ಟುಕೊಟ್ಟನೇ? ಎರಡು ದಿನ ಬಿಗುಮಾನ. ಮೂರನೇ ದಿನ ಅವನ ಶೆಡ್ಡಿಗೆ ಹೋದರೆ ಬೀಗ. ನಂಬರೂ ಬದಲಾಗಿತ್ತು.

ಈಗ ಅವನು ತೊಟ್ಟಿಲು ಇಳಿಸುವಷ್ಟರಲ್ಲಿ ಅಪ್ಪನೇ ಹೊರಬಂದರು. "ಎಲ್ಲಿ ಮಾಯವಾಗಿದ್ದೆಯಪ್ಪಾ? ಬಾಗಿಲಿಲ್ಲದ ಕಪಾಟು ನನ್ನ ಹರಕು ಬನಿಯನ್ನೆಲ್ಲ ಬಂದವರಿಗೆ ತೋರಿಸ್ತಿದೆ. ಬಾ ಒಳಗೆ, ಊಟ ಮಾಡ್ಕೊಂಡೇ ಹೋಗ್ಬೇಕು."

ಬಡಗಿ ಕಣ್ಣುಕಣ್ಣು ಬಿಟ್ಟ. ಗಿಳಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಇಷ್ಟು ಒಳ್ಳೆಯ ಅಪ್ಪನನ್ನು ಅವನ ಕಣ್ಣಿನಲ್ಲಿ ರಾಕ್ಷಸನನ್ನಾಗಿ ಮಾಡಿದ್ದು ನಾನು...

ಒಳಗೆ ಅಕ್ಕ, ಹೆಗಲ ಮೇಲೆ ಕೂಸು, ಕೈಯಲ್ಲಿ ಪಟ್ಟಿ. "ಕುರ್ಚಿ ಮೂವತ್ತು, ಜನ ನಲವತ್ತು. ತೆಳ್ಳಗಿರೋರೆಲ್ಲ ಮಂಚದ ಮೇಲೆ. ಹನ್ನೊಂದಕ್ಕೆ ಮಗು ಹೆಸರು ಹೇಳೋದು. ನೀನೇ ಕೂಗು ಗಿಳಿ, ನಿನ್ನ ಗಂಟಲಿಗೆ ಮೈಕ್ ಬೇಡ."

"ಬೇರೆ ಯಾರಾದ್ರೂ ಕೂಗಲಿ ಅಕ್ಕ."

"ಯಾಕೆ, ಗಂಟಲು ಕೆಟ್ಟಿದೆಯಾ?"

ಕೆಟ್ಟಿದೆ, ಎಂದುಕೊಂಡಳು. ಸುಳ್ಳು ಹೊರಟ ಗಂಟಲಿನಿಂದಲೇ ಈ ಕೂಸಿನ ಹೆಸರೂ ಹೊರಡಬೇಕೇ?

ಹನ್ನೊಂದಾಯಿತು. ತೊಟ್ಟಿಲಲ್ಲಿ ಕೂಸು. ನಲವತ್ತು ಮುಖಗಳೂ ಗಿಳಿಯತ್ತ ತಿರುಗಿದವು. ಬಾಗಿಲ ಬಳಿ ಬಡಗಿ ಮೆಲ್ಲನೆ ಚಪ್ಪಲಿಗೆ ಕಾಲು ತೂರಿಸುತ್ತಿದ್ದ. ಈಗ ಹೋದರೆ ಮತ್ತೆ ಬರುವುದಿಲ್ಲ.

ಅವಳು ಬಾಯಿ ತೆರೆದಳು. ಬಂದದ್ದು ಅಪ್ಪನ ಕೆಮ್ಮು.

"ನನ್ನ ಮಗಳ ತಂಟೆಗೆ ಬರಬೇಡ."

ಮುಂದಿನ ಕುರ್ಚಿಯಲ್ಲಿದ್ದ ಅಪ್ಪ ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಮನೆಯೆಲ್ಲ ನಕ್ಕಿತು. ಬಡಗಿಯ ಕಾಲು ಚಪ್ಪಲಿಯಲ್ಲೇ ನಿಂತಿತು.

"ಅವತ್ತು ಫೋನಲ್ಲಿ ಮಾತಾಡಿದ್ದು ಅಪ್ಪ ಅಲ್ಲ... ನಾನು." ಈಗ ಅವಳದೇ ದನಿ. "ತಮಾಷೆಗೆ ಮಾಡ್ದೆ. ತಪ್ಪಾಯ್ತು. ಇದನ್ನ ಹೇಳದೆ ಮಗು ಹೆಸರು ಹೇಳೋಕೆ ನಂಗೆ ಬಾಯಿ ಬರ್ತಿಲ್ಲ."

ನಲವತ್ತು ಮುಖಗಳೂ ಈಗ ಅಪ್ಪನತ್ತ ತಿರುಗಿದವು.

"ಅಂದ್ರೆ," ಅಪ್ಪ ನಿಧಾನಕ್ಕೆ ಕೇಳಿದರು, "ನನ್ನ ಕಪಾಟಿನ ಬಾಗಿಲು ತಿಂದವಳು ನೀನಾ?"

ಬಡಗಿ ಗೋಡೆಗೊರಗಿದ. "ಸಾರ್... ಒಂದು ವರ್ಷದಿಂದ ಯಾರು ಕೆಮ್ಮಿದ್ರೂ ನಾನು ಎದ್ದು ನಿಲ್ತಿದ್ದೆ. ಬಸ್ಸಲ್ಲಿ ಕೂಡ." ಹೇಳುತ್ತಲೇ ಅವನ ತುಟಿ ಅದುರಿತು. ಆಮೇಲೆ ನಗು ಒಡೆಯಿತು.

ಅವಳು ಹತ್ತಿರ ಬಂದಳು. "ಸಿಟ್ಟಿಲ್ವಾ?"

"ಇದೆ. ಕಪಾಟಿಗೆ ಬಾಗಿಲು ಹಾಕೋವರೆಗೂ ಇರುತ್ತೆ."

"ಎಷ್ಟು ದಿನ ಬೇಕು?"

"ದಿನಾ ಬಂದು ನಿಧಾನಕ್ಕೆ ಮಾಡ್ತೀನಿ." ಅವನು ಚಪ್ಪಲಿ ಬಿಟ್ಟ. "ಹೆಸರು ಕೂಗು ಗಿಳಿ. ನಿನ್ನ ದನಿಯಲ್ಲೇ."

ಕೂಗಿದಳು. ದನಿ ಅರ್ಧಕ್ಕೇ ಬಿಕ್ಕಿತು, ಕೂಸು ಬೆಚ್ಚಿ ಅಳತೊಡಗಿತು, ಮನೆಯೆಲ್ಲ ನಗೆಯಾಯಿತು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಂಡು ನಗುತ್ತಿದ್ದವನು ಬಡಗಿ.