ಕಾಲು ಸುತ್ತಿನ ಸಡಿಲ

ಮೂವತ್ತೆಂಟು ವರ್ಷಗಳ ಹಿಂದೆ ಹರಿಹರದಾಚೆಯ ಎರಕದ ಕಾರ್ಖಾನೆಯಲ್ಲಿ ತಂಪುನೀರಿನ ಮುಖ್ಯ ಕೊಳವೆ ಬಿರಿದಾಗ, ಫಿಟ್ಟರ್ ಪಾಲಾಕ್ಷಪ್ಪನವರು ಸೊಂಟಮಟ್ಟದ ಕೆಸರಿನಲ್ಲಿ ನಿಂತು, ನೆಲದಡಿಯ ಏಳನೆಯ ವಾಲ್ವನ್ನು ಒಬ್ಬರೇ ನೂರಹನ್ನೆರಡು ಸುತ್ತು ತಿರುಗಿಸಿ ಮುಚ್ಚಿದ್ದರು. ಆ ಕಥೆಯನ್ನು ಅವರು ಆರಂಭಿಸಿದರೆ ಸಾಕು, ಕಿರಿಯರಿಗೆಲ್ಲ ತಟ್ಟನೆ ಬೇರೆ ಕೆಲಸ ನೆನಪಾಗುತ್ತಿತ್ತು.

ಈಗ ಅಂಥ ದುಡಿಮೆಯ ಅಗತ್ಯವೇ ಇರಲಿಲ್ಲ. ಹೂತ ಪ್ರತಿಯೊಂದು ವಾಲ್ವಿನ ನೆತ್ತಿಯ ಮೇಲೂ ಇಂಜಿನಿಯರ್ ಚಿನ್ಮಯಿ ರೂಪಿಸಿದ ‘ಕವಾಟಪಾಲಕ’ ಕುಳಿತಿತ್ತು. ಮಣ್ಣಿನ ತೇವದಿಂದಲೇ ವಿದ್ಯುತ್ತನ್ನು ಹೀರುವ ಈ ಯಂತ್ರ, ಪೂರ್ತಿ ತೆರೆದಿರಬೇಕಾದ ವಾಲ್ವು ತುಸು ಸರಿದಿದ್ದರೂ ತಾನೇ ತಿರುಗಿಸಿ ಸರಿಪಡಿಸುತ್ತಿತ್ತು. ಎರಡು ವರ್ಷಗಳಿಂದ ಯಾರೂ ಗುಂಡಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.

ಒಂದು ಮಧ್ಯಾಹ್ನ ಕೊಳವೆ ಮತ್ತೆ ಬಿರಿಯಿತು. ನೀರು ಕುಲುಮೆಯ ತಗ್ಗಿನತ್ತ ನುಗ್ಗತೊಡಗಿತು. ಅಲ್ಲಿ ಹನ್ನೊಂದು ಟನ್ ಕಬ್ಬಿಣ ಕರಗಿ ನಿಂತಿತ್ತು. ನೀರು ತಾಗಿದರೆ ಇಡೀ ಶೆಡ್ಡು ಸಿಡಿದುಹೋಗುವುದು ಖಚಿತ. ಎಲ್ಲರೂ ಹೊರಗೋಡಿದ್ದರು. ಕರೆಂಟು ಹೋದದ್ದರಿಂದ ಕ್ರೇನಿನ ಗೂಡಿನಲ್ಲಿ ಚಾಲಕ ಖಾಸಿಂ ಮಾತ್ರ ಸಿಕ್ಕಿಕೊಂಡಿದ್ದ.

ಚಿನ್ಮಯಿ ಪಾಲಾಕ್ಷಪ್ಪನವರೊಂದಿಗೆ ಶೆಡ್ಡಿನ ಬಾಗಿಲ ಬಳಿಯ ಏಳನೆಯ ಗುಂಡಿಗೆ ಧಾವಿಸಿ ಮುಚ್ಚುವ ಆಜ್ಞೆ ಕೊಟ್ಟಳು. ಯಂತ್ರ ಒಮ್ಮೆ ಗುರುಗುಟ್ಟಿ, ‘ಅತಿಭಾರ’ ಎಂದು ತೋರಿಸಿ ನಿಂತುಬಿಟ್ಟಿತು.

“ಪೂರ್ತಿ ತೆರೆದ್ಮ್ಯಾಲೆ ಕಾಲು ಸುತ್ತು ಸಡ್ಲ ಬಿಟ್ಟಿದ್ನಲ್ಲ ಮೇಡಮ್ಮಾರೆ, ಅದೇನಾತು?” ಎಂದರು ಪಾಲಾಕ್ಷಪ್ಪನವರು.

“ಅದು ತಪ್ಪು ಅಂತ ಯಂತ್ರ ಸರಿಮಾಡಿಬಿಟ್ಟಿದೆ.”

“ಭಾಳ ಚಲೋ ಸರಿಮಾಡೇತಿ! ತುದೀಗೆ ಒತ್ತಿಟ್ರೆ ಕಚ್ಕೊಂಡು ಕುಂದರ್ತತಿ ಅಂತ್ಲೇ ಸಡ್ಲ ಬಿಟ್ಟಿದ್ದು. ಹೂಳೋ ವಾಲ್ವ್ ಆರ್ಸೋದು ಮಗಳಿಗೆ ವರ ನೋಡ್ದಂಗವ್ವ, ಕೊಟ್ಟಮ್ಯಾಲೂ ಹೋಗಿ ವಿಚಾರಿಸ್ತಿರಬೇಕು. ನಿನ್ನ ಡಬ್ಬಿ ಕಳಚು. ನನ್ನ ರಟ್ಟೇಲಿ ಕಸುವಿಲ್ಲ, ನೀನೇ ಹಿಡಿ.”

ಚಿನ್ಮಯಿ ಯಂತ್ರವನ್ನು ಕಳಚಿ, ವಾಲ್ವು ತಿರುಗಿಸುವ ಉದ್ದನೆಯ ಕೀಲಿಯನ್ನು ಗುಂಡಿಗೆ ಇಳಿಸಿ ಬಲವಾಗಿ ಜಗ್ಗಿದಳು.

“ಏಯ್, ಒಳಗಿನ ಸ್ಪಿಂಡಲ್ ಸಲಾಕಿ ಮುರಿದೀತು! ಮೊದ್ಲು ತೆರೆಯೋ ಕಡೀಗೆ ಒಂಚೂರು ಒತ್ತು. ಈಗ ಮುಚ್ಚೋ ಕಡೀಗೆ. ಮತ್ತೆ ಹಿಂದಕ್ಕೆ. ಅಳೋ ಕೂಸನ್ನ ತೂಗ್ದಂಗೆ.”

ಅವರ ಅಂಗೈ ಕೀಲಿಯ ಮೇಲೆಯೇ ಇತ್ತು. ಎಷ್ಟೋ ತೂಗಾಟಗಳ ಬಳಿಕ, “ಬಿಡ್ತು! ಈಗ ತಿರುಗ್ಸು, ನಿಲ್ಲಬ್ಯಾಡ” ಎಂದರು. ಚಿನ್ಮಯಿ ನಿಲ್ಲಲಿಲ್ಲ. ಅಂಗೈ ಬೊಬ್ಬೆಯೆದ್ದು ಒಡೆದರೂ ನಿಲ್ಲಲಿಲ್ಲ. ನೀರು ತಗ್ಗಿಗೆ ಎರಡು ಮಾರು ದೂರದಲ್ಲಿ ಸೋತು ನಿಂತಿತು.

ಏಣಿ ಹಾಕಿ ಇಳಿಸಿದಾಗ ಖಾಸಿಂ, “ಅಜ್ಜಾರೆ, ಮ್ಯಾಲಿಂದ ನೋಡಿದ್ರೆ ಇಬ್ರೂ ರಾಗಿ ಬೀಸಾಕತ್ತಿದ್ರಿ ಅನ್ನಿಸ್ತಿತ್ತು” ಎಂದು ನಗಲು ಹೋಗಿ ಅತ್ತುಬಿಟ್ಟ.

ಮರುದಿನ ಬೆಳಿಗ್ಗೆ ಯಾರೂ ಎಣಿಸದ ಸಂಗತಿಯೊಂದು ಕಂಡಿತು. ಯಂತ್ರವನ್ನು ಕಳಚಿದರೂ ಸ್ಪಿಂಡಲಿಗೆ ಅಂಟಿಯೇ ಉಳಿದಿದ್ದ ಅಳತೆಗಣ್ಣು, ಅಂದರೆ ಸೆನ್ಸರ್, ಆ ತೂಗಾಟವನ್ನೆಲ್ಲ ಗಮನಿಸಿ ಉಳಿದ ಯಂತ್ರಗಳಿಗೂ ಕಲಿಸಿಬಿಟ್ಟಿತ್ತು. ಕಾರ್ಖಾನೆಯ ಉಳಿದ ನಲವತ್ತು ಕವಾಟಪಾಲಕಗಳೂ ತಮ್ಮ ತಮ್ಮ ವಾಲ್ವುಗಳನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತಲೇ ಇದ್ದವು. ಕಚ್ಚಿದ್ದವೆಲ್ಲ ಎಂದೋ ಬಿಟ್ಟಿದ್ದವು. ಆದರೂ ಅವು ನಿಲ್ಲುತ್ತಿರಲಿಲ್ಲ. ವಾಲ್ವು ಬಿಟ್ಟ ಗಳಿಗೆಯನ್ನು ಅರಿತಿದ್ದುದು ಪಾಲಾಕ್ಷಪ್ಪನವರ ಅಂಗೈಯೊಂದೇ.

ಚಿನ್ಮಯಿ ಕೈಗೆ ಬ್ಯಾಂಡೇಜು ಸುತ್ತಿಕೊಂಡೇ ಪಾಲಾಕ್ಷಪ್ಪನವರ ಬಳಿಗೆ ಬಂದು ಬೆಂಚಿನ ಮೇಲೆ ಕುಳಿತಳು.

“ಅದು ಬಿಟ್ಟಿತು ಅಂತ ಕೈಗೆ ಹೇಗೆ ತಿಳೀತು?”

“ಹೆಂಗೆ ಹೇಳ್ಲವ್ವ... ಆವತ್ತು ಕೆಸರಾಗೆ ನಿಂತಾಗ್ಲೂ ಹಿಂಗೇ...” ಎಂದವರು ಅಭ್ಯಾಸಬಲದಿಂದ ಮಾತು ನಿಲ್ಲಿಸಿ ಬಾಗಿಲಿನತ್ತ ನೋಡಿದರು.

“ಎಲ್ಲೂ ಎದ್ದು ಹೋಗಲ್ಲ, ಪಾಲಾಕ್ಷಪ್ಪನೋರೆ. ಇನ್ನೊಂದ್ಸಲ ಹೇಳಿ. ಮೊದಲನೇ ಸುತ್ತಿನಿಂದ.”